ಐದು ಜನರ ತರಗತಿಯಲ್ಲಿ ಹೆಸರಿಲ್ಲದ ಉತ್ತರ

ಕಾಲೇಜಿನ ಆವರಣದಲ್ಲಿ ವಿದ್ಯಾರ್ಥಿಗಳಿಗೆ ಎಷ್ಟರಮಟ್ಟಿಗೆ ಸುರಕ್ಷತೆಯ ಭಾವನೆ ಇದೆ ಎಂಬುದನ್ನು ಅರಿಯಲು ಹೊರಡುವ ಸಂಶೋಧನೆಗಳು ಸಾಮಾನ್ಯವಾಗಿ ಒಂದು ಭರವಸೆಯಿಂದ ಆರಂಭವಾಗುತ್ತವೆ: ‘ಹೆಸರು ಬರೆಯಬೇಕಾಗಿಲ್ಲ.’ ಅದರ ಕೆಳಗೆ ಲಿಂಗ, ತರಗತಿ, ಐಚ್ಛಿಕ ವಿಷಯ, ಮಾತೃಭಾಷೆ, ಊರು ಎಂಬ ಅಂಕಣಗಳಿರುತ್ತವೆ. ರಾಯದುರ್ಗ, ಮಡಕಶಿರ ಭಾಗದ ಕಾಲೇಜೊಂದರಲ್ಲಿ ಐಚ್ಛಿಕ ಕನ್ನಡದ ತರಗತಿಯಲ್ಲಿ ಐದೇ ಜನರಿದ್ದಾರೆಂದು ಭಾವಿಸಬಹುದು. ಅವರಲ್ಲಿ ಇಬ್ಬರು ಹೆಣ್ಣುಮಕ್ಕಳು. ಒಬ್ಬಳು ರೊಳ್ಳದ ಕಡೆಯವಳು, ಇನ್ನೊಬ್ಬಳು ಅಮರಾಪುರದ ಕಡೆಯವಳು. ಎರಡನೆಯವಳು ಪ್ರಾಮಾಣಿಕವಾಗಿ ಆ ಐದೂ ಅಂಕಣಗಳನ್ನು ತುಂಬಿದಳೆಂದರೆ, ಆ ಹಾಳೆಯ ಮೇಲೆ ಅವಳ ಹೆಸರು ಇಲ್ಲದಿದ್ದರೂ ಅವಳ ಮುಖ ಮೂಡಿರುತ್ತದೆ. ಹಾಳೆಯನ್ನು ಎತ್ತಿಕೊಳ್ಳುವ ಯಾರಿಗಾದರೂ ಅದು ಯಾರದೆಂದು ಗೊತ್ತಾಗುತ್ತದೆ. ಅವಳಿಗೂ ಅದು ಗೊತ್ತು. ಆದಕಾರಣ ‘ಆವರಣದಲ್ಲಿ ನಿಮಗೆ ಭಯವಾಗುತ್ತದೆಯೇ?’ ಎಂಬ ಪ್ರಶ್ನೆಗೆ ಅವಳು ‘ಇಲ್ಲ’ ಎಂದು ಗುರುತು ಹಾಕಿ ಹಾಳೆಯನ್ನು ಮಡಚಿಡುತ್ತಾಳೆ. ಗಡಿಭಾಗದ ಕನ್ನಡ ವಿದ್ಯಾರ್ಥಿಗಳು ಇಂತಹ ಸಂಶೋಧನೆಯಲ್ಲಿ ಭಾಗವಹಿಸುವ ವಿಷಯವನ್ನು ಚರ್ಚಿಸುವಾಗ ಈ ಒಂದು ‘ಇಲ್ಲ’ದಿಂದಲೇ ಆರಂಭಿಸುವುದು ಯುಕ್ತ.

ಹಾಗೆಂದು ಇಂತಹ ಸಂಶೋಧನೆಯೇ ಬೇಡವೆಂದು ಹೇಳುವುದು ತಪ್ಪಾಗುತ್ತದೆ. 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಘೋರ ಕೃತ್ಯದ ಬಳಿಕ ವಿಶ್ವವಿದ್ಯಾಲಯ ಅನುದಾನ ಆಯೋಗವು ಕಾರ್ಯಪಡೆಯೊಂದನ್ನು ರಚಿಸಿತು. ಅದು ದೇಶದ ಕಾಲೇಜುಗಳಿಗೂ ವಿಶ್ವವಿದ್ಯಾಲಯಗಳಿಗೂ ಪ್ರಶ್ನಾವಳಿಗಳನ್ನು ಕಳುಹಿಸಿತು. ಕೆಲವು ಕಡೆ ಮುಕ್ತ ಸಭೆಗಳನ್ನು ನಡೆಸಿ ವಿದ್ಯಾರ್ಥಿಗಳ ಮಾತನ್ನೂ ಆಲಿಸಿತು. 2013ರಲ್ಲಿ ಹೊರಬಂದ ಅದರ ವರದಿಗೆ ‘ಸಕ್ಷಮ’ ಎಂದು ಹೆಸರು. ಅದೇ ವರ್ಷ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ ಕಾಯಿದೆ ಬಂದಿತು. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಅನ್ವಯಿಸುವ ಆಯೋಗದ 2015ರ ನಿಯಮಾವಳಿ ಅದರ ಹಿಂದೆಯೇ ಬಂದಿತು. ಇಂದು ಪ್ರತಿಯೊಂದು ಕಾಲೇಜಿನಲ್ಲಿಯೂ ಆಂತರಿಕ ದೂರು ಸಮಿತಿ ಇರಬೇಕೆಂಬ ನಿಯಮದ ಹಿಂದೆ, ಕೇಳಿದಾಗ ಬಾಯಿಬಿಟ್ಟು ಹೇಳಿದವರ ಪಾಲೂ ಇದೆ. ಯಾರೂ ಹೇಳದಿದ್ದ ಪಕ್ಷದಲ್ಲಿ ‘ನಮ್ಮಲ್ಲಿ ಅಂಥದ್ದೇನೂ ಇಲ್ಲ’ ಎಂಬ ಆಡಳಿತದ ಉತ್ತರವೇ ಕೊನೆಯ ಉತ್ತರವಾಗುತ್ತಿತ್ತು.

ಸುರಕ್ಷತೆಯ ಭಾವನೆಯು ಕೇವಲ ಮನಸ್ಸಿನೊಳಗಿನ ಸಂಗತಿಯಲ್ಲ. ಅದು ಒಬ್ಬರ ಓದಿನ ದಿಕ್ಕನ್ನೇ ಬದಲಿಸಬಲ್ಲದು. ಅರ್ಥಶಾಸ್ತ್ರಜ್ಞೆ ಗಿರಿಜಾ ಬೋರ್ಕರ್ ಅವರು ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಮಾಹಿತಿ ಕಲೆಹಾಕಿ ನಡೆಸಿದ ಅಧ್ಯಯನ ಇದನ್ನು ತೋರಿಸಿಕೊಟ್ಟಿದೆ. ಹೋಗಿಬರುವ ದಾರಿ ಹೆಚ್ಚು ಸುರಕ್ಷಿತವಾಗಿ ಕಂಡರೆ ವಿದ್ಯಾರ್ಥಿನಿಯರು ಉತ್ತಮ ಕಾಲೇಜನ್ನು ಬಿಟ್ಟು ಅದಕ್ಕಿಂತ ಕೆಳಮಟ್ಟದ ಕಾಲೇಜನ್ನು ಆರಿಸಿಕೊಳ್ಳಲೂ ಸಿದ್ಧರಿರುತ್ತಾರೆ. ದಾರಿಗಾಗಿ ಹೆಚ್ಚು ಹಣ ವ್ಯಯಿಸಲೂ ಒಪ್ಪುತ್ತಾರೆ. ಈ ಮಾತು ರಾಯದುರ್ಗದ ವಿದ್ಯಾರ್ಥಿನಿಗೆ ಹೊಸದೇನಲ್ಲ. ಬಳ್ಳಾರಿ ಇಲ್ಲಿಂದ ಐವತ್ತು ಕಿಲೋಮೀಟರಿನ ಆಸುಪಾಸು. ಜಿಲ್ಲಾ ಕೇಂದ್ರವಾದ ಅನಂತಪುರ ಅದರ ಸುಮಾರು ಎರಡರಷ್ಟು ದೂರ. 1953ರವರೆಗೆ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಆಂಧ್ರ ರಾಜ್ಯ ರಚನೆಯಾದಾಗ ಆದೋನಿ, ಆಲೂರುಗಳೊಂದಿಗೆ ಅದೂ ಆಂಧ್ರಕ್ಕೆ ಹೋಯಿತು. ಭಾಷೆಯ ನಂಟು ಒಂದು ಕಡೆ, ಆಡಳಿತದ ನಂಟು ಇನ್ನೊಂದು ಕಡೆ ಇರುವ ಊರಿನಲ್ಲಿ ಮುಂದಿನ ಓದು ಎಂದರೆ ಪ್ರಯಾಣವೇ. ಸಂಜೆಯ ಬಸ್ಸು ಎಷ್ಟು ಗಂಟೆಗೆ, ನಿಲ್ದಾಣದಲ್ಲಿ ದೀಪವಿದೆಯೇ, ಜೊತೆಗೆ ಯಾರಿದ್ದಾರೆ ಎಂಬ ಲೆಕ್ಕಾಚಾರದಲ್ಲಿ ಎಷ್ಟೋ ಹೆಣ್ಣುಮಕ್ಕಳ ಸ್ನಾತಕೋತ್ತರ ಓದು ನಿಂತುಹೋಗುತ್ತದೆ. ಆಯೋಗದ 2015ರ ನಿಯಮಾವಳಿಯು ‘ಆವರಣ’ ಎಂಬುದನ್ನು ಕಾಲೇಜಿನ ಕಾಂಪೌಂಡಿಗೆ ಸೀಮಿತಗೊಳಿಸದೆ, ಸಂಸ್ಥೆಗೆ ಹೋಗಿಬರಲು ಒದಗಿಸಿದ ವಾಹನ, ಶೈಕ್ಷಣಿಕ ಪ್ರವಾಸ, ಕ್ಷೇತ್ರಕಾರ್ಯದ ಸ್ಥಳಗಳನ್ನೂ ಅದರೊಳಗೆ ಸೇರಿಸಿದೆ. ಪ್ರಶ್ನಾವಳಿಯೂ ಅಷ್ಟೇ ವಿಶಾಲವಾಗಿರಬೇಕಾದುದು ನ್ಯಾಯ.

ಭಾಗವಹಿಸದೆ ಉಳಿಯುವುದರಿಂದ ಆಗುವ ನಷ್ಟಕ್ಕೂ ನಿದರ್ಶನವಿದೆ. ಅಮೆರಿಕದಲ್ಲಿ 2015ರಲ್ಲಿ 27 ವಿಶ್ವವಿದ್ಯಾಲಯಗಳು ಸೇರಿ ಲೈಂಗಿಕ ದೌರ್ಜನ್ಯವನ್ನು ಕುರಿತು ಬೃಹತ್ ಸಮೀಕ್ಷೆಯೊಂದನ್ನು ನಡೆಸಿದವು. ಒಂದೂವರೆ ಲಕ್ಷ ವಿದ್ಯಾರ್ಥಿಗಳು ಉತ್ತರಿಸಿದರು. ಆದರೂ ಕೇಳಲ್ಪಟ್ಟವರಲ್ಲಿ ಅವರ ಪ್ರಮಾಣ ಶೇಕಡ 19ರಷ್ಟು ಮಾತ್ರ. ಉಳಿದವರಿಗೆ ಹೇಳಲು ಏನೂ ಇರಲಿಲ್ಲವೋ, ಹೇಳಲು ಮನಸ್ಸಿರಲಿಲ್ಲವೋ ಎಂಬ ವಾದ ಎದ್ದಿತು. ಅಷ್ಟು ದೊಡ್ಡ ಸಂಖ್ಯೆಯ ಫಲಿತಾಂಶವೇ ಸಂದೇಹಕ್ಕೆ ಗುರಿಯಾಗುವುದಾದರೆ, ಐದು ಜನರ ತರಗತಿಯಲ್ಲಿ ಮೂವರು ಸುಮ್ಮನಿದ್ದರೆ ಉಳಿಯುವುದೇನು?

ಸಂಶೋಧನೆ ಬೇಕು, ಅದರಲ್ಲಿ ಪಾಲ್ಗೊಳ್ಳುವವರೂ ಬೇಕು ಎಂದಾದ ಮೇಲೆ ಅದರ ಭಾಷೆಯ ಪ್ರಶ್ನೆ ಎದುರಾಗುತ್ತದೆ. ಕನ್ನಡ ವಿದ್ಯಾರ್ಥಿಗಳು ಉಳಿದವರಿಗಿಂತ ಹೆಚ್ಚು ಎಚ್ಚರದಿಂದ ಗಮನಿಸಬಲ್ಲ ಸಂಗತಿಯಿದು. ಇಂಗ್ಲಿಷಿನಲ್ಲಿ ಸಿದ್ಧವಾದ ಪ್ರಶ್ನಾವಳಿ ಕನ್ನಡಕ್ಕೆ ಬರುವಾಗ ಒಮ್ಮೆ ‘ಸುರಕ್ಷತೆ’ ಎಂದೂ ಒಮ್ಮೆ ‘ಭದ್ರತೆ’ ಎಂದೂ ಬರುತ್ತದೆ. ಕರ್ನಾಟಕದ ಓದುಗನಿಗೆ ‘ಭದ್ರತೆ’ ಎಂದೊಡನೆ ನೆನಪಾಗುವುದು ಕಾವಲುಗಾರ, ಗೇಟು, ಕ್ಯಾಮರಾ. ತೆಲುಗಿನಲ್ಲಿಯಾದರೋ ಅದೇ ಪದ ಸುರಕ್ಷತೆಯೆಂಬ ವಿಶಾಲಾರ್ಥದಲ್ಲಿ ದಿನಬಳಕೆಯಲ್ಲಿದೆ. ಎರಡೂ ಭಾಷೆಗಳ ನಡುವೆ ಬೆಳೆದ ರಾಯದುರ್ಗದ ವಿದ್ಯಾರ್ಥಿ ‘ಭದ್ರತೆ ಸಮರ್ಪಕವಾಗಿದೆಯೇ?’ ಎಂಬುದಕ್ಕೆ ಉತ್ತರಿಸಿದಾಗ, ಅವನು ಕಾವಲುಗಾರನ ಬಗ್ಗೆ ಹೇಳಿದನೋ ತನ್ನ ನೆಮ್ಮದಿಯ ಬಗ್ಗೆ ಹೇಳಿದನೋ ತಿಳಿಯುವ ಬಗೆ ಯಾವುದು? ‘ತ್ರಾಸ’ ಎಂಬ ಪದದ ಗತಿಯೂ ಹೀಗೆಯೇ. ಅಲಂಕಾರಶಾಸ್ತ್ರದಲ್ಲಿ ಅದು ಹಠಾತ್ತನೆ ಎರಗುವ ಬೆಚ್ಚುವಿಕೆ. ಮರಾಠಿಯಲ್ಲಿಯೂ ಅದರ ನೆರೆಯ ಉತ್ತರ ಕರ್ನಾಟಕದ ಆಡುಮಾತಿನಲ್ಲಿಯೂ ಅದು ಕೇವಲ ತೊಂದರೆ, ಕಷ್ಟ. ಧಾರವಾಡದಲ್ಲಿ ಕುಳಿತು ‘ತ್ರಾಸ ಆಗುತ್ತದೆಯೇ?’ ಎಂದು ಬರೆದದ್ದು ಮಡಕಶಿರದಲ್ಲಿ ಬೇರೆಯಾಗಿ ಕೇಳಿಸೀತು. ಆದುದರಿಂದ ಪ್ರಶ್ನಾವಳಿಯನ್ನು ಒಬ್ಬರು ಅನುವಾದಿಸಿ, ಅದನ್ನು ನೋಡದ ಇನ್ನೊಬ್ಬರು ಮೂಲಭಾಷೆಗೆ ಮರಳಿ ಅನುವಾದಿಸಿ, ಎರಡನ್ನೂ ತಾಳೆನೋಡುವ ಪದ್ಧತಿ ಇದೆ. ಸ್ಥಳೀಯರಿಂದ ಓದಿಸಿ ತಿದ್ದದ ಪ್ರಶ್ನಾವಳಿ ಗಡಿನಾಡಿಗೆ ಸಲ್ಲದು.

ಪದಗಳ ವಿಚಾರದಲ್ಲಿ ಇನ್ನೊಂದು ತೊಡಕೂ ಇದೆ. ‘ನಿಮ್ಮ ಮೇಲೆ ಕಿರುಕುಳ ನಡೆದಿದೆಯೇ?’ ಎಂದು ಕೇಳಿದರೆ ಬಹುಮಂದಿ ಇಲ್ಲವೆನ್ನುತ್ತಾರೆ. ‘ಚುಡಾಯಿಸುವುದು’, ‘ಕೀಟಲೆ’ ಎಂಬ ಹಗುರವಾದ ಪದಗಳಲ್ಲಿ ತಮ್ಮ ಅನುಭವವನ್ನು ಇಟ್ಟುಕೊಂಡವರಿಗೆ ‘ಕಿರುಕುಳ’ ಎಂಬುದು ಬೇರೆ ಯಾರಿಗೋ ಸಂಬಂಧಿಸಿದ ದೊಡ್ಡ ಮಾತಾಗಿ ತೋರುತ್ತದೆ. ‘ನೀವು ಬೇಡವೆಂದ ಮೇಲೂ ಯಾರಾದರೂ ಬಸ್ ನಿಲ್ದಾಣದವರೆಗೆ ಹಿಂಬಾಲಿಸಿದ್ದಾರೆಯೇ?’ ಎಂದು ಕೃತ್ಯವನ್ನೇ ಹೆಸರಿಸಿ ಕೇಳಿದಾಗ ಉತ್ತರ ಬದಲಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕಾಸ್ ಮತ್ತು ಸಂಗಡಿಗರು 32 ಕಾಲೇಜುಗಳ 6159 ವಿದ್ಯಾರ್ಥಿಗಳನ್ನು ಈ ಕ್ರಮದಲ್ಲಿ ಪ್ರಶ್ನಿಸಿ 1987ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾನೂನಿನ ದೃಷ್ಟಿಯಲ್ಲಿ ಅತ್ಯಾಚಾರವೆನ್ನಬಹುದಾದುದನ್ನು ಅನುಭವಿಸಿದ ಬಹುಪಾಲು ಹೆಣ್ಣುಮಕ್ಕಳು ಅದನ್ನು ಆ ಪದದಿಂದ ಕರೆದಿರಲಿಲ್ಲವೆಂಬುದು ಅದರಲ್ಲಿ ಬೆಳಕಿಗೆ ಬಂದಿತು. ಅನುಭವ ಇದ್ದೂ ಪದವಿಲ್ಲದ ಸ್ಥಿತಿಯನ್ನು ಸಾಹಿತ್ಯದ ವಿದ್ಯಾರ್ಥಿಗೆ ವಿವರಿಸಬೇಕಾದ ಅಗತ್ಯವಿಲ್ಲ.

ಉತ್ತರದ ಮನೆಗಳನ್ನೂ ನೋಡಬೇಕು. ‘ಪೂರ್ಣ ಒಪ್ಪುತ್ತೇನೆ’ ಎಂಬಲ್ಲಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ ಎಂಬಲ್ಲಿಯವರೆಗಿನ ಐದು ಮೆಟ್ಟಿಲ ಮಾಪನಕ್ಕೆ 1932ರಲ್ಲಿ ಅದನ್ನು ರೂಪಿಸಿದ ರೆನ್ಸಿಸ್ ಲೈಕರ್ಟ್ ಅವರ ಹೆಸರೇ ಇದೆ. ಎಣಿಕೆಗೆ ಅದು ಅನುಕೂಲ. ಆದರೆ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಪರೀಕ್ಷೆಗಾಗಿಯಾದರೂ ಓದಿದವರಿಗೆ ಭಯವು ಒಂಟಿಯಾಗಿ ಬರುವುದಿಲ್ಲವೆಂಬುದು ಗೊತ್ತು. ಭಯ ಸ್ಥಾಯಿಭಾವ. ಅದರ ಸುತ್ತ ಸುಳಿದುಹೋಗುವ ಸಂಚಾರಿಗಳು ಹಲವು. ಭರತನು ಎಣಿಸಿದ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಶಂಕೆ ಇದೆ, ತ್ರಾಸ ಇದೆ, ವ್ರೀಡೆ ಇದೆ. ಅವಹಿತ್ಥ ಎಂಬುದೂ ಇದೆ. ಒಳಗಿನ ಭಾವ ಹೊರಗೆ ಕಾಣದಂತೆ ಮುಖಚಹರೆಯನ್ನು ಮರೆಮಾಡಿಕೊಳ್ಳುವುದು ಅವಹಿತ್ಥ. ಅದಕ್ಕೆ ಕಾರಣಗಳಾಗಿ ನಾಚಿಕೆ, ಭಯ, ಗೌರವಗಳನ್ನು ಭರತ ಹೇಳುತ್ತಾನೆ. ಅಧ್ಯಾಪಕರು ತರಗತಿಯಲ್ಲಿಯೇ ಪ್ರಶ್ನಾವಳಿ ಹಂಚಿ, ಮೇಜಿನ ಬಳಿ ನಿಂತು ಹತ್ತು ನಿಮಿಷದಲ್ಲಿ ಮರಳಿ ಪಡೆಯುವಾಗ ವಿದ್ಯಾರ್ಥಿನಿಯ ಮುಖದ ಮೇಲೆ ಇರುವುದು ಇದೇ. ಅವಳು ಬರೆದ ‘ಇಲ್ಲ’ ಸುಳ್ಳಲ್ಲ; ನಾಚಿಕೆ, ಭಯ, ಗೌರವ ಮೂರೂ ಸೇರಿ ಬರೆಸಿದ ಅವಹಿತ್ಥ. ಐದು ಮೆಟ್ಟಿಲ ಮಾಪನದಲ್ಲಿ ಅದಕ್ಕೆ ಮನೆಯಿಲ್ಲ. ಒಳ್ಳೆಯ ಸಂಶೋಧಕನಾದವನು ಅಂಕೆಯ ಪಕ್ಕದಲ್ಲಿ ಎರಡು ಸಾಲು ಬರೆಯಲು ಜಾಗ ಬಿಡುತ್ತಾನೆ. ಅದನ್ನು ಕನ್ನಡದಲ್ಲಿ ಬರೆಯಬಹುದೆಂದೂ ಹೇಳುತ್ತಾನೆ.

ಈ ಅವಹಿತ್ಥದ ಹಿಂದೆ ಇರುವ ಕಾರಣ ಬಹಳ ವಾಸ್ತವವಾದುದು. ಮನೆಯಲ್ಲಿ ಮೊದಲಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿ ‘ದಾರಿಯಲ್ಲಿ ಅಂಜಿಕೆಯಾಗುತ್ತದೆ’ ಎಂದು ಬರೆದದ್ದು ಹೇಗೋ ಊರಿಗೆ ಮುಟ್ಟಿದರೆ, ದಾರಿ ಸರಿಹೋಗುವುದಕ್ಕಿಂತ ಮೊದಲು ಅವಳ ಓದು ನಿಲ್ಲಬಹುದು. ‘ಹಾಗಿದ್ದರೆ ಹೋಗುವುದೇ ಬೇಡ’ ಎಂಬುದು ಪ್ರೀತಿಯಿಂದಲೇ ಬರುವ ಮಾತು, ಆದರೆ ಅದರ ಬೆಲೆ ತೆರುವವಳು ಅವಳು. ಭಯವನ್ನು ಒಪ್ಪಿಕೊಂಡರೆ ಪದವಿ ಹೋಗುತ್ತದೆ, ಮುಚ್ಚಿಟ್ಟರೆ ಭಯ ಉಳಿಯುತ್ತದೆ. ಇವೆರಡರ ನಡುವೆ ಆರಿಸಿಕೊಳ್ಳಬೇಕಾಗಿ ಬಂದವಳಿಗೆ ‘ಹೆಸರು ಬೇಡ’ ಎಂಬುದು ಶಿಷ್ಟಾಚಾರದ ಮಾತಲ್ಲ. ಅವಳ ವಿದ್ಯಾಭ್ಯಾಸವೇ ಅದರ ಮೇಲೆ ನಿಂತಿದೆ.

ಕಡಿಮೆ ಸಂಖ್ಯೆಯ ಜನರಿಗೆ ಅಂಕಿಅಂಶಗಳ ಲೋಕದಲ್ಲಿ ಎರಡು ಅಪಾಯಗಳಿವೆ. ಒಂದು, ಬಯಲಾಗುವುದು, ಮೊದಲಿಗೆ ಹೇಳಿದ ಉದಾಹರಣೆ ಅದರದು. ಇನ್ನೊಂದು, ಕರಗಿಹೋಗುವುದು. 1961ರ ಜನಗಣತಿ 1652 ಮಾತೃಭಾಷೆಗಳನ್ನು ಪಟ್ಟಿಮಾಡಿತ್ತು. 1971ರಿಂದೀಚೆಗೆ ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳನ್ನು ಪ್ರತ್ಯೇಕವಾಗಿ ತೋರಿಸದೆ ‘ಇತರೆ’ ಎಂಬಲ್ಲಿ ಸೇರಿಸಲಾಯಿತು. ಎಣಿಸಿದವರು ಎಣಿಸಿದ್ದರೂ ಆ ಭಾಷಿಕರು ಪುಸ್ತಕದಲ್ಲಿ ಕಾಣೆಯಾದರು. ಕನ್ನಡಕ್ಕೆ ದೇಶದ ಮಟ್ಟದಲ್ಲಿ ಆ ಗತಿ ಬಂದಿಲ್ಲ. ಆದರೆ ಆಂಧ್ರದ ಕಾಲೇಜೊಂದರ ಸಮೀಕ್ಷೆಯಲ್ಲಿ ಐದು ಜನ ಕನ್ನಡ ವಿದ್ಯಾರ್ಥಿಗಳು ‘ಇತರೆ’ಯೊಳಗೆ ಸೇರಿಹೋಗುವುದು ತೀರ ಸಹಜ. ಗುರುತು ಹಿಡಿಯಬಾರದೆಂದು ಅಂಕಣ ತೆಗೆದರೆ ಕನ್ನಡ ವಿದ್ಯಾರ್ಥಿಯ ವಿಶಿಷ್ಟ ಸಂಕಟ ವರದಿಯಲ್ಲಿ ಇಲ್ಲವಾಗುತ್ತದೆ. ಅಂಕಣ ಉಳಿಸಿದರೆ ವಿದ್ಯಾರ್ಥಿಯೇ ಸಿಕ್ಕಿಬೀಳುತ್ತಾಳೆ.

ಈ ಇಕ್ಕಟ್ಟಿಗೆ ಪರಿಹಾರವಿಲ್ಲದಿಲ್ಲ. ಊರಿನ ಹೆಸರಿನ ಬದಲು ‘ಕಾಲೇಜಿನಿಂದ ಇಪ್ಪತ್ತು ಕಿಲೋಮೀಟರಿಗಿಂತ ಹೆಚ್ಚು ದೂರ’ ಎಂದಷ್ಟೇ ಕೇಳಬಹುದು. ಐಚ್ಛಿಕ ವಿಷಯದ ಬದಲು ‘ಕಲಾ ವಿಭಾಗ’ ಎಂದರೆ ಸಾಕು. ನಿರ್ದಿಷ್ಟ ಸಂಖ್ಯೆಗಿಂತ ಕಡಿಮೆ ಜನರಿರುವ ಗುಂಪಿನ ಅಂಕಿಗಳನ್ನು ಬೇರೆಯಾಗಿ ಪ್ರಕಟಿಸದಿರುವುದು ಅಂಕಿಅಂಶ ಸಂಸ್ಥೆಗಳಲ್ಲಿ ರೂಢಿಯಲ್ಲಿರುವ ಕ್ರಮ. ಇವೆಲ್ಲಕ್ಕಿಂತ ಮಿಗಿಲಾದ ದಾರಿ, ರಾಯದುರ್ಗ, ಮಡಕಶಿರಗಳ ಕನ್ನಡ ವಿದ್ಯಾರ್ಥಿಗಳನ್ನು ಕಾಸರಗೋಡು, ಅಕ್ಕಲಕೋಟೆ, ಜತ್ತ ಮೊದಲಾದ ಗಡಿಭಾಗಗಳ ಕನ್ನಡ ವಿದ್ಯಾರ್ಥಿಗಳೊಂದಿಗೆ ಒಟ್ಟುಗೂಡಿಸಿ ಒಂದೇ ಅಧ್ಯಯನ ಮಾಡುವುದು. ಅಲ್ಲಿ ಐದು ಜನ ಐನೂರರೊಳಗೆ ಸೇರುತ್ತಾರೆ. ಯಾರೊಬ್ಬರ ಮುಖವೂ ಕಾಣದು. ಆದರೂ ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು ಭಾಷೆ, ದೂರು ಕೊಡಲು ಮೂರನೆಯ ಭಾಷೆ ಎಂಬ ಅವರ ಸಮಾನ ಪರಿಸ್ಥಿತಿ ಸ್ಪಷ್ಟವಾಗಿ ಕಾಣುತ್ತದೆ.

ಉತ್ತರಿಸಿದವರ ಮಾತಿನಿಂದ ಮುಂದೆ ಏನಾಗುತ್ತದೆ ಎಂಬುದೂ ಮುಖ್ಯ. ‘ಸಂಜೆ ಆರರ ಮೇಲೆ ಗ್ರಂಥಾಲಯದಿಂದ ಹೊರಬರಲು ಭಯ’ ಎಂದು ನಲವತ್ತು ವಿದ್ಯಾರ್ಥಿನಿಯರು ಬರೆದರೆ ಎರಡು ಬಗೆಯ ಕ್ರಮ ಸಾಧ್ಯ. ದಾರಿಗೆ ದೀಪ ಹಾಕಿಸಬಹುದು, ಇಲ್ಲವೇ ಐದು ಗಂಟೆಗೇ ಗ್ರಂಥಾಲಯಕ್ಕೆ ಬೀಗ ಹಾಕಬಹುದು. ಎರಡನೆಯದು ಸುಲಭ, ಅಗ್ಗ. ‘ಸಕ್ಷಮ’ ವರದಿ ಇದನ್ನು ಮುಂದಾಗಿಯೇ ಕಂಡು, ಸುರಕ್ಷತೆಯ ಹೆಸರಿನಲ್ಲಿ ಅತಿಯಾದ ಕಾವಲು ಹಾಕಿ ಹೆಣ್ಣುಮಕ್ಕಳ ಓಡಾಟದ ಸ್ವಾತಂತ್ರ್ಯವನ್ನು ಮೊಟಕುಗೊಳಿಸಬಾರದೆಂದು ಸ್ಪಷ್ಟವಾಗಿ ಹೇಳಿತು. ಹಾಸ್ಟೆಲಿನ ವೇಳೆಯ ನಿರ್ಬಂಧಗಳ ವಿರುದ್ಧ 2015ರಲ್ಲಿ ದೆಹಲಿಯ ವಿದ್ಯಾರ್ಥಿನಿಯರು ಆರಂಭಿಸಿದ ‘ಪಿಂಜ್ರಾ ತೋಡ್’ ಚಳವಳಿಯ ತಿರುಳೂ ಅದೇ. 2022ರ ಅಕ್ಟೋಬರಿನಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದೊಳಗೆ ವಿದ್ಯಾರ್ಥಿನಿಯೊಬ್ಬಳು ಬಸ್ಸಿನಡಿ ಸಿಲುಕಿದಾಗ ಅಲ್ಲಿನ ವಿದ್ಯಾರ್ಥಿಗಳು ಕೇಳಿದ್ದು ಆವರಣದ ರಸ್ತೆಯಲ್ಲಿ ಹೊರಗಿನ ವಾಹನಸಂಚಾರ ನಿಲ್ಲಬೇಕೆಂದು. ವಿದ್ಯಾರ್ಥಿಗಳ ನಡಿಗೆಯನ್ನು ಅಲ್ಲ, ವಾಹನಗಳ ಓಟವನ್ನು ತಡೆಯಿರಿ ಎಂಬ ಆ ಬೇಡಿಕೆಯಲ್ಲಿ ಒಂದು ವಿವೇಕವಿದೆ. ಸಂಶೋಧನೆಯ ಪ್ರಶ್ನೆ ‘ನಿಮಗೆ ಭಯವೇ?’ ಎಂಬಲ್ಲಿ ಮುಗಿಯದೆ ‘ಏನು ಬದಲಾದರೆ ಭಯ ಕಡಿಮೆಯಾದೀತು?’ ಎಂಬಲ್ಲಿಗೆ ಮುಂದುವರಿದರೆ, ಬೀಗದ ದಾರಿ ಅಷ್ಟು ಸುಲಭವಾಗದು.

ಆದಕಾರಣ ಪ್ರಶ್ನಾವಳಿ ಕೈಗೆ ಬಂದಾಗ ವಿದ್ಯಾರ್ಥಿಯು ಉತ್ತರ ಬರೆಯುವ ಮುನ್ನ ತಾನೇ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಈ ಅಧ್ಯಯನ ಯಾರದು? ಉತ್ತರಪತ್ರಿಕೆಗಳು ಯಾರ ಬಳಿ, ಎಷ್ಟು ಕಾಲ ಇರುತ್ತವೆ? ಕಾಲೇಜಿನ ಆಡಳಿತ ಅವನ್ನು ನೋಡಬಹುದೇ? ಬೇಡವೆನಿಸಿದ ಪ್ರಶ್ನೆಯನ್ನು ಖಾಲಿ ಬಿಡಬಹುದೇ? ಫಲಿತಾಂಶ ಕಾಲೇಜಿಗೆ ಮರಳಿ ಬರುತ್ತದೆಯೇ? ಹೀಗೆ ಕೇಳುವುದು ಉದ್ಧಟತನವಲ್ಲ. ಮನುಷ್ಯರ ಮೇಲೆ ನಡೆಯುವ ಸಂಶೋಧನೆಗೆ ಅವರ ಸ್ವಂತ ಒಪ್ಪಿಗೆ ಬೇಕೆಂಬುದು 1947ರ ನ್ಯೂರೆಂಬರ್ಗ್ ತೀರ್ಪಿನ ಕಾಲದಿಂದ ಲೋಕ ಒಪ್ಪಿರುವ ತತ್ತ್ವ. ಒಪ್ಪಿಗೆ ಎಂದರೆ ತಿಳಿದು ಕೊಟ್ಟದ್ದು, ಬಲವಂತವಿಲ್ಲದೆ ಕೊಟ್ಟದ್ದು, ಬೇಕಾದಾಗ ಹಿಂತೆಗೆದುಕೊಳ್ಳಬಹುದಾದದ್ದು. ಆಂತರಿಕ ಅಂಕಗಳನ್ನು ಕೊಡುವ ಅಧ್ಯಾಪಕರೇ ಹಾಳೆಯನ್ನು ಮರಳಿ ಪಡೆಯುವಲ್ಲಿ ಈ ಮೂರೂ ಸಡಿಲಗೊಳ್ಳುತ್ತವೆ. ಅಧ್ಯಾಪಕರು ಕೋಣೆಯಿಂದ ಹೊರಗೆ ನಿಂತು, ಉತ್ತರಗಳು ಮುಚ್ಚಿದ ಪೆಟ್ಟಿಗೆಗೆ ಬೀಳುವಂತೆ ನೋಡಿಕೊಂಡರೆ ಅದು ಸಂಶೋಧನೆಗೆ ಮಾಡಿದ ದೊಡ್ಡ ಉಪಕಾರ.

ಒಂದು ವ್ಯತ್ಯಾಸವನ್ನಂತೂ ವಿದ್ಯಾರ್ಥಿಗಳು ಮರೆಯಬಾರದು. ಪ್ರಶ್ನಾವಳಿಯಲ್ಲಿ ಬರೆದದ್ದು ದೂರು ಆಗುವುದಿಲ್ಲ. ಸಂಶೋಧಕನಿಗೆ ತಿಳಿಸಿದೆನೆಂಬ ಸಮಾಧಾನದಲ್ಲಿ ಕುಳಿತರೆ, ಆಂತರಿಕ ದೂರು ಸಮಿತಿಗೆ ಲಿಖಿತ ದೂರು ಸಲ್ಲಿಸಲು ಇರುವ ಮೂರು ತಿಂಗಳ ಅವಧಿ ಕಳೆದುಹೋದೀತು. ಸಮೀಕ್ಷೆ ಎಲ್ಲರ ಸ್ಥಿತಿಯನ್ನು ಹೇಳುತ್ತದೆ. ಒಬ್ಬರ ನ್ಯಾಯಕ್ಕೆ ಬೇರೆ ಬಾಗಿಲಿದೆ. ಪ್ರಾಮಾಣಿಕ ಸಂಶೋಧಕನಾದವನು ಆ ಬಾಗಿಲಿನ ವಿಳಾಸವನ್ನು ಪ್ರಶ್ನಾವಳಿಯ ಕೊನೆಯಲ್ಲಿ ಅಚ್ಚುಹಾಕಿಸಿರುತ್ತಾನೆ.

‘ನಮ್ಮದು ಸಣ್ಣ ಊರು, ಎಲ್ಲರಿಗೂ ಎಲ್ಲರೂ ಗೊತ್ತು, ಇಲ್ಲಿ ಎಂಥ ಭಯ?’ ಎನ್ನುವವರೂ ಇದ್ದಾರೆ. ಎಲ್ಲರಿಗೂ ಎಲ್ಲರೂ ಗೊತ್ತಿರುವುದು ಒಂದು ರಕ್ಷಣೆ ಹೌದು; ಹೇಳಿದ್ದು ಎಲ್ಲರಿಗೂ ಗೊತ್ತಾಗಿಬಿಡುವುದೂ ಅಲ್ಲಿಯೇ. ದೊಡ್ಡ ನಗರದ ಆವರಣದಲ್ಲಿ ಕತ್ತಲೆಯ ಅಂಜಿಕೆ ಹೆಚ್ಚಾಗಿದ್ದರೆ, ಸಣ್ಣ ಊರಿನ ಕಾಲೇಜಿನಲ್ಲಿ ಮಾತು ಹೊರಬೀಳುವ ಅಂಜಿಕೆ ಹೆಚ್ಚು. ಎರಡನೆಯದನ್ನು ಅಳೆಯದೆ ಮೊದಲನೆಯದನ್ನು ಮಾತ್ರ ಅಳೆದು ಹೋದ ಅಧ್ಯಯನವು ಗಡಿನಾಡನ್ನು ‘ಅತ್ಯಂತ ಸುರಕ್ಷಿತ’ ಎಂದು ಬರೆದುಕೊಂಡರೆ ಆಶ್ಚರ್ಯಪಡಬೇಕಾಗಿಲ್ಲ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಇಲ್ಲಿ ಉತ್ತರಿಸುವವರ ಸ್ಥಾನವಷ್ಟೇ ಅಲ್ಲ, ಇನ್ನೂ ಒಂದು ಸ್ಥಾನವಿದೆ. ಪ್ರಶ್ನಾವಳಿಯ ಕರಡನ್ನು ಓದಿ ‘ಈ ಪದ ಇಲ್ಲಿ ಹೀಗೆ ಅರ್ಥವಾಗುತ್ತದೆ’ ಎಂದು ತಿದ್ದಬಲ್ಲವರು ಅವರು. ತೆಲುಗು, ಕನ್ನಡ ಎರಡರಲ್ಲೂ ಓಡಾಡುವ ಅವರ ಕಿವಿಗೆ ಕೇಳುವ ವ್ಯತ್ಯಾಸ ದೂರದ ವಿಶ್ವವಿದ್ಯಾಲಯದ ಸಂಶೋಧಕನಿಗೆ ಕೇಳಿಸದು. ಐದು ಜನ ಸೇರಿ ಮಧ್ಯಾಹ್ನವೊಂದನ್ನು ಆ ಕೆಲಸಕ್ಕೆ ಕೊಟ್ಟರೆ ಸಾಕು. ‘ಭದ್ರತೆ’ಯ ಪಕ್ಕದಲ್ಲಿ ‘ನೆಮ್ಮದಿಯಿಂದ ನಡೆದುಹೋಗುವುದು’ ಎಂದು ಬರೆಯಬೇಕು. ‘ಕಿರುಕುಳ’ದ ಕೆಳಗೆ ಹಿಂಬಾಲಿಸುವುದು, ದಿಟ್ಟಿಸುವುದು, ಫೋನಿಗೆ ಬೇಡದ ಸಂದೇಶ ಕಳುಹಿಸುವುದು ಎಂದು ಒಂದೊಂದಾಗಿ ಬಿಡಿಸಬೇಕು. ಊರಿನ ಅಂಕಣದ ಮೇಲೆ ಒಂದು ಗೆರೆ ಎಳೆಯಬೇಕು. ಆ ಬಳಿಕ ಅಮರಾಪುರದ ಕಡೆಯ ಆ ವಿದ್ಯಾರ್ಥಿನಿಯ ಮುಂದೆ ಹಾಳೆಯನ್ನು ಇಟ್ಟರೆ ಅವಳು ‘ಹೌದು’ ಎಂದೂ ಬರೆಯಬಹುದು, ‘ಇಲ್ಲ’ ಎಂದೂ ಬರೆಯಬಹುದು. ಯಾವುದನ್ನು ಬರೆದರೂ ಅದು ಅವಳದೇ ಉತ್ತರವಾಗಿರುತ್ತದೆ.